ಇಷ್ಟೆಯಾ, ಮಗಳೇ?

ಮೊನ್ನೆ ಬುಧವಾರ ಮಂಗಳೂರಿನಿಂದ ಬೆಂಗಳೂರಿಗೆ ಬರುವಾಗ ವಿಮಾನದಲ್ಲಿ ಪಕ್ಕದಲ್ಲಿದ್ದ ಅಜ್ಜಿಯ ಮಾತು ಇನ್ನೂ ಕಿವಿಯಿಂದ ಹೋಗಿಲ್ಲ. ಚಕ್ರ ನೆಲಕ್ಕೆ ತಾಗಿ ವಿಮಾನ ಕುಲುಕಿದಾಗ ಅವರು ನನ್ನ ಮುಂಗೈ ಹಿಡಿದು ಕೇಳಿದರು: "ಇಷ್ಟೆಯಾ, ಮಗಳೇ?"

"ಇಷ್ಟೇ ಅಜ್ಜಿ, ಬಂದಾಯಿತು" ಎಂದೆ. ಖುಷಿಯಲ್ಲಿ ಕೇಳಿದರೆಂದು ತಿಳಿದಿದ್ದೆ. ಮುಖ ನೋಡಿದರೆ ಕಣ್ಣು ತುಂಬಿತ್ತು.

ಅದು ಪ್ರೊಪೆಲ್ಲರಿನ ಚಿಕ್ಕ ಎಟಿಆರ್ ವಿಮಾನ. ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನದೆಲ್ಲ ಕಾಣುತ್ತದೆ. ಬಜಪೆಯ ಗುಡ್ಡದ ಮೇಲಿನ ರನ್‌ವೇ ಮುಗಿದದ್ದೇ ನೆಲ ಒಮ್ಮೆಲೇ ಆಳಕ್ಕಿಳಿಯಿತು. ಅಜ್ಜಿ ಕಣ್ಣು ಮುಚ್ಚಿ ದೇವರ ಹೆಸರು ಹೇಳಿದರು. ಕಣ್ಣು ಬಿಟ್ಟಾಗ ಕೆಳಗೆ ಘಟ್ಟ. "ಇದು ಶಿರಾಡಿಯಾ?" ಎಂದು ಕಿಟಕಿಗೆ ಹಣೆ ಒತ್ತಿದರು. ಕಾಡಿನ ಮಡಿಕೆಗಳಲ್ಲಿ ಮೋಡ ಸಿಕ್ಕಿಕೊಂಡಿತ್ತು. ಅವರು ನೋಡುತ್ತಿದ್ದಂತೆಯೇ ಘಟ್ಟ ಸರಿದು ಬಯಲು ಬಂತು.

ಮಗಳನ್ನು ಬೆಂಗಳೂರಿಗೆ ಕೊಟ್ಟು 28 ವರ್ಷ. ಅವಳ ಮನೆಗೆ ಹೋದದ್ದು ಐದೇ ಸಲ ಎಂದು ಬೆರಳು ಮಡಚಿ ಎಣಿಸಿದರು. ರಾತ್ರಿ ಬಸ್ಸು, ಘಾಟಿಯ ತಿರುವು, ದಾರಿಯುದ್ದಕ್ಕೂ ವಾಂತಿ. ಹಳಿ ಅಗಲ ಮಾಡುವ ಗೇಜ್ ಪರಿವರ್ತನೆಗೆಂದು ರೈಲು ಮಾರ್ಗ ವರ್ಷಗಟ್ಟಲೆ ಮುಚ್ಚಿ, ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. 2018ರ ಆಗಸ್ಟ್ ಮಳೆಗೆ ಶಿರಾಡಿ ಕುಸಿದಾಗ ಮಗಳಿಗೆ ಶಸ್ತ್ರಚಿಕಿತ್ಸೆ. "ದಾರಿ ಬಂದಾಗಿದೆ, ನೀನು ಬರುವುದು ಬೇಡಮ್ಮ" ಎಂದಳಂತೆ. ಅಜ್ಜಿ ಹೋಗಲಿಲ್ಲ.

ಎರಡು ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ 300 ಕಿಲೋಮೀಟರಿಗೆ ತುಸು ಹೆಚ್ಚು, ರಸ್ತೆಯಲ್ಲಿ 350ರಷ್ಟು. ಟಿಕೆಟಿನಲ್ಲಿ ಬರೆದಿರುವ ಒಂದು ಗಂಟೆ ಚಿಲ್ಲರೆಯಲ್ಲಿ ವಿಮಾನ ನೆಲದ ಮೇಲೆ ಉರುಳುವ ಹೊತ್ತೂ ಸೇರಿರುತ್ತದೆ. ನೆಲ ಬಿಟ್ಟು ನೆಲ ಮುಟ್ಟುವವರೆಗೆ ನನ್ನ ಗಡಿಯಾರದಲ್ಲಿ ಆದದ್ದು 48 ನಿಮಿಷ. ಅಂದು ದೇವನಹಳ್ಳಿಯಿಂದ ಬನಶಂಕರಿಯ ನನ್ನ ಮನೆಗೆ ಎರಡು ಗಂಟೆ ಹಿಡಿಯಿತು.

ಮುಂದಿನ ಸಾಲಿನಲ್ಲಿದ್ದ ಅಜ್ಜಿಯ ಮಗನ ಮೇಲೆ ನನಗೆ ಸಿಟ್ಟು ಬಂತು. ಒಳ್ಳೆಯ ಮನುಷ್ಯ, ತಾಯಿಗೆ ಬೆಲ್ಟ್ ಹಾಕಿಕೊಟ್ಟು, ನೀರು ಕೊಟ್ಟು ಹೋಗಿದ್ದರು. ಆದರೂ ಆ ಆಗಸ್ಟಿನಲ್ಲಿ ವಿಮಾನದ ನೆನಪು ಅವರಿಗೇಕೆ ಆಗಲಿಲ್ಲ? ಬಜಪೆಯಲ್ಲಿ ವಿಮಾನ ಇಳಿಯುತ್ತಿರುವುದು 1951ರಿಂದ. ದುಡ್ಡಿನ ಮಾತು ಇದ್ದೀತು, ಒಪ್ಪುತ್ತೇನೆ. ಆದರೆ ನಮ್ಮ ಮನೆಯಲ್ಲಿ ದುಡ್ಡಿನ ಮಾತೂ ಇಲ್ಲ. ಸುಳ್ಯದಲ್ಲಿರುವ ಅಮ್ಮ "ನನಗೆ ಘಾಟಿ ಆಗುವುದಿಲ್ಲ, ನೀವು ಆರಾಮವಾಗಿರಿ" ಎಂದಾಗಲೆಲ್ಲ ನಾನು "ಸರಿಯಮ್ಮ" ಎಂದಿದ್ದೇನೆ. ಅಮ್ಮನಿಗೆ ಬರಲು ಇಷ್ಟವಿಲ್ಲವೋ, ಘಾಟಿಯ ಭಯವೋ ಎಂದು ಒಂದು ಸಲವೂ ಬಿಡಿಸಿ ಕೇಳಿಲ್ಲ. ಕೇಳಿದರೆ ಕರೆದುಕೊಂಡು ಬರಬೇಕಾಗುತ್ತಿತ್ತು. "ಇಷ್ಟೆಯಾ?" ಎಂದು ಅಮ್ಮ ನನ್ನ ಕೈ ಹಿಡಿದು ಕೇಳಿದರೆ ನಾನು ಏನೆನ್ನಲಿ?

ಹೊರಗೆ ಬಂದಾಗ ಅಜ್ಜಿಯ ಮಗಳು ಕಂಬಿಯಾಚೆ ನಿಂತಿದ್ದರು. ಅವರ ತಲೆಯೂ ಅರ್ಧ ನೆರೆತಿತ್ತು. ಅಜ್ಜಿ ಚೀಲದಿಂದ ಬಾಳೆಎಲೆಯ ಪೊಟ್ಟಣ ತೆಗೆದು ಬಾಳೆನಾರು ಬಿಚ್ಚಿದರು. ಒಂದು ಅಟ್ಟೆ ಮಲ್ಲಿಗೆ, ಅಂದರೆ ನಾಲ್ಕು ಚೆಂಡು.

"ನೋಡು, ಬಾಡಲೇ ಇಲ್ಲ" ಎಂದರು.