ಎರಡು ಸೂಪಾ, ಒಂದು ರಾಂಪತ್ರೆ

ಪುಣೆಯ ಒಂದು ಹರ್ಬೇರಿಯಂನಲ್ಲಿ ನನ್ನ ಕೆಲಸ. ಹಳೆಯ ಒಣಗಿಡಗಳ ಹಾಳೆ ಸ್ಕ್ಯಾನ್ ಮಾಡಿ, ಲೇಬಲ್ ಓದಿ, ಪಟ್ಟಿಗೆ ಏರಿಸುವುದು. ಗಿಡದ ಹೆಸರು ಹುಡುಕುವುದೇ ಕಷ್ಟ ಅಂತ ಜನ ಅಂದುಕೊಳ್ಳುತ್ತಾರೆ. ಜಾಸ್ತಿ ಹೊತ್ತು ತಿನ್ನುವುದು ಊರಿನ ಕಾಲಂ.

ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಹಾಗಾಗಿ ಕಾರವಾರ, ಯಲ್ಲಾಪುರ, ಕ್ಯಾಸಲ್ ರಾಕ್ ಕಡೆಯ ಗಿಡಗಳು ಇಲ್ಲಿನ ಕಪಾಟುಗಳಲ್ಲಿ ಬೇಕಾದಷ್ಟಿವೆ.

ಮೊನ್ನೆ ಒಂದು ಹಾಳೆ ಬಂತು. ಉದ್ದನೆಯ, ದಪ್ಪ, ಬಿರುಸು ಎಲೆ. ಮೂಲೆಗೆ ಅಂಟಿಸಿದ ಪುಟ್ಟ ಲಕೋಟೆಯಲ್ಲಿ ಕಾಯಿಯೊಳಗೆ ಬೀಜ ಸುತ್ತಿಕೊಂಡಿರುವ ಪತ್ರೆ, ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ರಾಂಪತ್ರೆ! ಜಾಯಿಕಾಯಿಯ ಕಾಡು ಬಂಧು, ಪಟ್ಟಿಯಲ್ಲಿ ಮಿರಿಸ್ಟಿಕಾ ಮಲಬಾರಿಕಾ. ಶಿರಸಿ ಕಡೆಯವಳಿಗೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ? ಲೇಬಲ್‌ನಲ್ಲಿ ಊರು 'ಸೂಪಾ'. ಜಿಲ್ಲೆ ಬರೆದಿದ್ದ ತುದಿಯನ್ನು ಹುಳ ತಿಂದಿತ್ತು.

ವಿಜಯಪುರದಿಂದ ಬಂದು ನಮ್ಮಲ್ಲಿ ಕೆಲಸ ಕಲಿಯುತ್ತಿರುವ ಹುಡುಗ ಕೇಳಿದ, "ಅಕ್ಕಾರ, ಇದು ನಗರ ರೋಡಿನ ಸೂಪಾ ಹೌದಲ್ರಿ?"

ಪುಣೆಯಲ್ಲಿ ಇರುವವರಿಗೆ ಹಾಗನ್ನಿಸುವುದು ಸಹಜ. ಪಾರ್ನೇರ್ ತಾಲೂಕಿನ ಸೂಪಾ ಎಲ್ಲರಿಗೂ ಗೊತ್ತು. ಬಾರಾಮತಿ ಕಡೆ ಸುಪೆ ಅಂತ ಇನ್ನೊಂದಿದೆ. ಎರಡೂ ಮಳೆ ಕಮ್ಮಿ ಇರುವ ಜಾಗ. ನಕ್ಷೆಯಲ್ಲಿ ಅಲ್ಲಿ ರಾಂಪತ್ರೆಯ ಚುಕ್ಕಿ ಇಟ್ಟರೆ, ಮುಂದೆ ಆ ಪಟ್ಟಿ ನಂಬುವವರು ದಟ್ಟ ಕಾಡಿನ ಮರವನ್ನು ಬಯಲುಸೀಮೆಗೆ ಸೇರಿಸಿಬಿಡುತ್ತಾರೆ.

ಹಾಗಂತ ಗಿಡ ನೋಡಿ ಊರು ತೀರ್ಮಾನಿಸುವುದೂ ನನಗೆ ಒಪ್ಪಿಗೆಯಿಲ್ಲ. ಗಿಡ ಎಲ್ಲೆಲ್ಲಿದೆ ಅಂತ ತಿಳಿಯಲೆಂದೇ ಅಲ್ವಾ ಈ ಪಟ್ಟಿ? ಉತ್ತರ ನೋಡಿಕೊಂಡು ಲೆಕ್ಕ ಮಾಡಿದ ಹಾಗಾಗುತ್ತದೆ. ಅದಕ್ಕೆ ಸಂಗ್ರಹಕಾರನ ನಂಬರ್ ಹಿಡಿದೆವು. ಗಿಡ ಕಿತ್ತಂತೆಲ್ಲ ಅವರು ಸಾಲಾಗಿ ನಂಬರ್ ಹಾಕುತ್ತಾ ಹೋಗುತ್ತಾರೆ. ಹಿಂದಿನ, ಮುಂದಿನ ನಂಬರಿನ ಹಾಳೆ ಸಿಕ್ಕರೆ ಅವರು ಓಡಾಡಿದ ದಾರಿಯೇ ಸಿಕ್ಕಿತು. ನಮ್ಮಲ್ಲಿ ಇಲ್ಲದ ಹಾಳೆಗಳನ್ನು ಮುಂಬೈಯಲ್ಲಿ, ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂನಲ್ಲಿ ಹುಡುಕುತ್ತೇವೆ. 1906ರಿಂದ ಇರುವ ಸಂಗ್ರಹ ಅದು. ಈ ಸಲ ಅಷ್ಟು ದೂರ ಹೋಗಬೇಕಾಗಲಿಲ್ಲ. ಹಿಂದಿನ ಹಾಳೆಗಳು ಕ್ಯಾಸಲ್ ರಾಕ್‌ನವು, ಮುಂದಿನವು ಯಲ್ಲಾಪುರದವು. ನಮ್ಮ ಉತ್ತರ ಕನ್ನಡದ ಸೂಪಾನೇ.

ಅಲ್ಲಿಗೂ ಮುಗಿಯಲಿಲ್ಲ. ಆ ಸೂಪಾ ಈಗ ಕಾಳಿ ನದಿಯ ಹಿನ್ನೀರಿನ ಅಡಿಗಿದೆ. ಈಗಿನ ತಾಲೂಕು ಕೇಂದ್ರ ಅಂತ ಸುಮ್ನೆ ಜೋಯಿಡಾ ಹಾಕುವ ಹಾಗಿಲ್ಲ. ಹಳೆಯ ಸರ್ವೆ ನಕ್ಷೆ ತೆಗೆದು ಮುಳುಗಿದ ಊರಿನ ಅಕ್ಷಾಂಶ, ರೇಖಾಂಶವನ್ನೇ ಬರೆದೆವು. ಜೊತೆಗೆ '10 ಕಿ.ಮೀ. ಆಚೀಚೆ' ಅಂತಲೂ ಸೇರಿಸಿದೆವು. ಪೇಟೆಯ ನಡುವೆ ರಾಂಪತ್ರೆ ಯಾರೂ ಕಿತ್ತಿರಲಿಕ್ಕಿಲ್ಲ. ಇದೆಲ್ಲ ಹೋಗುವುದು ಪಕ್ಕದ ಕಾಲಂಗೆ. ಯಾರು, ಯಾವಾಗ, ಯಾವ ಆಧಾರದ ಮೇಲೆ ಹೇಳಿದರು ಅನ್ನುವುದೂ ಅಲ್ಲೇ. ಲೇಬಲ್‌ನ ಕಾಲಂನಲ್ಲಿ 'ಸೂಪಾ' ಅಂತ ಮಾತ್ರ ಇರುತ್ತದೆ.

ಹುಡುಗನ ಕೈಯಲ್ಲಿ ಈಗ 'ಕುಂಬಾರವಾಡ' ಅಂತ ಬರೆದ ಹಾಳೆಯಿದೆ. ಜೋಯಿಡಾದಲ್ಲೊಂದು ಕುಂಬಾರವಾಡ, ಮುಂಬೈಯ ಧಾರಾವಿಯಲ್ಲೊಂದು. "ಇದಕ್ಕೂ ನಂಬರ್ ನೋಡಬೇಕೇನ್ರಿ ಅಕ್ಕಾರ?" ಅಂದ. ನೋಡಬೇಕು ಅಂದೆ.