ಕೈಬರಹದ ಫಾಂಟ್: ಕಾಗುಣಿತ ಮುಗಿಯಿತು, ಈಗ ಒತ್ತಕ್ಷರ

ಆಮಂತ್ರಣ ಪತ್ರಿಕೆಗೆಂದು ಶುರು ಮಾಡಿದ ಕೈಬರಹದ ಕನ್ನಡ ಫಾಂಟ್‌ನಲ್ಲಿ ಮೂಲ ಅಕ್ಷರ, ಕಾಗುಣಿತ ಎಲ್ಲ ಮುಗಿದಿದೆ. ಈಗ ಒತ್ತಕ್ಷರಗಳ ಸರದಿ. ತಲೆನೋವು ಇರುವುದೇ ಇಲ್ಲಿ.

ಇಂಗ್ಲಿಷ್ ಸ್ಕ್ರಿಪ್ಟ್ ಫಾಂಟ್‌ಗಳಿಗೆ ಚೆಂದ ಬರುವುದು ಅಕ್ಷರಗಳನ್ನು ಕೂಡಿಸುವ ಗೆರೆಯಿಂದ. ನಾವು ಕನ್ನಡವನ್ನು ಹಾಗೆ ಕೂಡಿಸಿ ಬರೆಯುವುದಿಲ್ಲ. ಬಲವಂತವಾಗಿ ಕೂಡಿಸಿದರೆ ಡಾಕ್ಟರ ಚೀಟಿಯ ಹಾಗಾಗುತ್ತದೆ. ಅದಕ್ಕೇ ತಲೆಕಟ್ಟನ್ನು ಹಿಡಿದುಕೊಂಡೆ. ಅದರ ಬಾಲ ಸಣ್ಣಗೆ ಮೇಲೆದ್ದು ಮುಂದಿನ ಅಕ್ಷರದ ಹತ್ತಿರ ಹೋಗುತ್ತದೆ, ಮುಟ್ಟುವುದಿಲ್ಲ. ಕಾಪರ್‌ಪ್ಲೇಟ್ ಅನ್ನುವ ಇಂಗ್ಲಿಷ್ ಅಲಂಕಾರದ ಬರಹದಲ್ಲಿ ಅಕ್ಷರ ನಿಲ್ಲುವುದು ಗೆರೆಗೆ ಸುಮಾರು 55 ಡಿಗ್ರಿ ಓರೆಯಲ್ಲಿ. ನಮ್ಮ ದುಂಡಕ್ಷರಕ್ಕೆ ಅಷ್ಟು ಓರೆ ಕೊಟ್ಟರೆ ಬಿದ್ದೇ ಹೋಗುತ್ತದೆ. ಇದರಲ್ಲಿ ವಾಲಿದ್ದೂ ಗೊತ್ತಾಗದಷ್ಟು ಓರೆ ಇಟ್ಟಿದ್ದೇನೆ. ‘ವು’ ಬರೆಯುವಾಗಲೂ ಜೋಪಾನ ಬೇಕು. ಕೊಂಬು ಕೆಳಗಿನಿಂದ ಹೊರಡದೆ ಪಕ್ಕಕ್ಕೆ ಬಂದರೆ ಸೀದಾ ‘ಮ’ ಆಗುತ್ತದೆ.

ಪರೀಕ್ಷೆಗೆ ಇಟ್ಟುಕೊಂಡ ಪದ ‘ಬ್ರಹ್ಮಕಲಶೋತ್ಸವ’. ಮಂಗಳೂರಿನಿಂದ ಉಡುಪಿಗೆ ಹೋಗುವಾಗ ಈ ಪದದ ಫ್ಲೆಕ್ಸ್ ಒಂದಾದರೂ ಕಾಣದೆ ಇರುವುದಿಲ್ಲ, ಅಲ್ವಾ? ಕಣ್ಣಿಗೆ ಸಲೀಸು, ಬರೆದರೆ ಕಿರಿಕಿರಿ. ‘ಬ’ ಕೆಳಗಿನ ರ ಒತ್ತು ಉದ್ದಕ್ಕೆ ಬಳುಕಿದರೇ ಚೆಂದ. ಆದರೆ ಪಕ್ಕದಲ್ಲೇ ‘ಹ’ ಕೆಳಗೆ ಮ ಒತ್ತು ಕೂತಿದೆ. ಎರಡೂ ಡಿಕ್ಕಿ. ಹಾಗಾಗಿ ರ ಒತ್ತಿಗೆ ಉದ್ದದ್ದೊಂದು, ಗಿಡ್ಡದ್ದೊಂದು ಅಂತ ಎರಡು ರೂಪ ಬರೆದೆ. ಮುಂದಿನ ಅಕ್ಷರಕ್ಕೂ ಒತ್ತು ಇದ್ದರೆ ಗಿಡ್ಡದ್ದು ಬರಬೇಕು ಅಂತ ಓಪನ್‌ಟೈಪ್ ನಿಯಮ, ಅಂದರೆ ಎಲ್ಲಿ ಯಾವ ರೂಪ ಬರಬೇಕೆಂದು ಫಾಂಟಿನೊಳಗೇ ಬರೆದಿಡುವ ಸೂಚನೆ, ಹಾಕಿದೆ. ಈಗ ‘ಪ್ರವೀಣ’ದಲ್ಲಿ ಬಾಲ ಚಾಚುತ್ತದೆ, ‘ಬ್ರಹ್ಮ’ದಲ್ಲಿ ತಾನಾಗಿ ಒಳಗೆ ಸರಿಯುತ್ತದೆ. ‘ಶ್ರೀ’ ಮಾತ್ರ ಯಾವ ನಿಯಮಕ್ಕೂ ಬಿಡಲಿಲ್ಲ. ಪ್ರತಿ ಕಾಗದವೂ ಅದರಿಂದಲೇ ಶುರು, ಹಾಗಾಗಿ ನಿಬ್‌ನಲ್ಲಿ ಇಡಿಯಾಗಿ ಬರೆದೇ ಸೇರಿಸಿದೆ.

ಗೊತ್ತಿರುವ ಪ್ರೆಸ್‌ನವರಿಗೆ ತೋರಿಸಿದೆ. “ಕೈಬರಹ ಎಲ್ಲ ಪ್ರಿಂಟಿಗೆ ಆಗುದಿಲ್ಲ ಮಾರಾಯ್ರೆ” ಅಂದರು. 1843ರ ಜುಲೈ 1ರಂದು ಇದೇ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಂದದ್ದು ಕಲ್ಲಚ್ಚಿನಲ್ಲಿ, ಅಂದರೆ ಕೈಯಲ್ಲಿ ಬರೆದ ಅಕ್ಷರದಲ್ಲೇ. ಅದನ್ನು ಹೇಳಿದರೆ ಸುಮ್ನೆ ನಕ್ಕರು. ಆದರೆ ಅವರ ಒಂದು ಮಾತು ಒಪ್ಪಬೇಕಾಯಿತು. ಚಿನ್ನದ ಫಾಯಿಲ್ ಒತ್ತುವಾಗ ಕೂದಲೆಳೆಯಂಥ ಗೆರೆ ತುಂಡಾಗುತ್ತದೆ. ಹಾಗಾಗಿ ಸಣ್ಣ ಗೆರೆಗಳನ್ನೆಲ್ಲ ಒಂದಿಷ್ಟು ದಪ್ಪ ಮಾಡಿದೆ.

ಬಳಸಿ ನೋಡುವವರಿಗೆ: ಇಲಸ್ಟ್ರೇಟರ್, ಇನ್‌ಡಿಸೈನ್‌ನಂಥ ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಆಯ್ಕೆ ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ಒತ್ತುಗಳು ಅಕ್ಷರದ ಕೆಳಗೆ ಸರಿಯಾಗಿ ಕೂರುವುದಿಲ್ಲ. ‘ಶಾಸ್ತ್ರಿ’ಯಂಥ ಎರಡೆರಡು ಒತ್ತಿನ ಹೆಸರಿದ್ದರೆ ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. ಮದುವೆ ಕಾಗದದಲ್ಲಿ ಹುಡುಗ ಹುಡುಗಿಯ ಹೆಸರಿಗೆ, ಸ್ವೀಟ್ ಬಾಕ್ಸ್ ಮೇಲೆ ಅಂಗಡಿ ಹೆಸರಿಗೆ ಚೆನ್ನಾಗಿ ಒಪ್ಪುತ್ತದೆ. ಮುಹೂರ್ತ, ವಿಳಾಸ, ಬಂಧುಗಳ ಪಟ್ಟಿಗೆ ದಯವಿಟ್ಟು ಬೇಡ, ಅಲ್ಲಿ ಮಾಮೂಲಿ ಫಾಂಟೇ ಸರಿ. ಯಕ್ಷಗಾನದ ಪೋಸ್ಟರಿಗೂ ಆಗದು. ಅದಕ್ಕೆ ದೂರದಿಂದಲೇ ಕಾಣುವ ದಪ್ಪ ಅಕ್ಷರ ಬೇಕು.

ಬಾಕಿ ಇರುವುದು ಅಂಕಿಗಳು. ತಾರೀಕಿಗೆ ೧, ೨ ಕೇಳುತ್ತಾರೆ, ಫೋನ್ ನಂಬರಿಗೆ 1, 2. ಕನ್ನಡದವು ಬೇಗ ಒಲಿದವು. 4 ಮತ್ತು 7ರ ಮೂಲೆಗಳನ್ನು ಎಷ್ಟರಮಟ್ಟಿಗೆ ದುಂಡಗೆ ಮಾಡಬಹುದು ಅಂತ ಈಗ ನೋಡುತ್ತಿದ್ದೇನೆ.