ಮೂತ್ರನಾಳದ ಆಪರೇಷನ್‌ಗೆ ಬಾಯಿ ನೋಡುವುದೇಕೆ?

ಮೂತ್ರದ ಧಾರೆ ದಾರದಷ್ಟು ಸಣ್ಣಗಾಗಿ, ತಿಣುಕಿದರೂ ಪೂರ್ತಿ ಖಾಲಿಯಾಗದಿದ್ದರೆ ಗಂಡಸರಲ್ಲಿ ಮೂತ್ರನಾಳ ಕಿರಿದಾಗಿರಬಹುದು. ತೊಡೆಸಂದಿಗೆ ಬಿದ್ದ ಪೆಟ್ಟು, ಹಿಂದೆಂದೋ ಹಾಕಿದ ಕ್ಯಾಥೆಟರ್ (ಮೂತ್ರ ಹರಿಸುವ ಕೊಳವೆ), ಶಿಶ್ನದ ತುದಿಯನ್ನು ಬೆಳ್ಳಗೆ ಬಿರುಸಾಗಿಸುವ ಲೈಕೆನ್ ಸ್ಕ್ಲೆರೋಸಸ್ ಇದಕ್ಕೆ ಸಾಮಾನ್ಯ ಕಾರಣಗಳು. ಧಾರೆಯ ವೇಗ ಅಳೆಯುವ ಯುರೋಫ್ಲೋಮೆಟ್ರಿ ಪರೀಕ್ಷೆಗೆ ಕನಿಷ್ಠ 150 ಮಿಲಿಯಾದರೂ ಮೂತ್ರ ಹೋಗಬೇಕು. ಸೆಕೆಂಡಿಗೆ 15 ಮಿಲಿ ದಾಟಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನಾಳ ಕಿರಿದಾಗಿದ್ದರೆ ಗ್ರಾಫ್ ಗುಡ್ಡದಂತೆ ಏರಿ ಇಳಿಯದೆ ಚಪ್ಪಟೆಯಾಗಿ ಎಳೆಯುತ್ತದೆ.

ನಾಳವನ್ನು ಕಿರಿದಾಗಿಸಿದ ಗಾಯದ ಕಲೆ ಚಿಕ್ಕದಿದ್ದರೆ ಎಂಡೋಸ್ಕೋಪ್ ತೂರಿಸಿ ಒಮ್ಮೆ ಕೊಯ್ದು ನೋಡಬಹುದು. ಮತ್ತೆ ಕಟ್ಟಿಕೊಂಡರೆ ಅದನ್ನೇ ಪದೇ ಪದೇ ಮಾಡಿಸುವುದು ದಂಡ. ಪ್ರತಿ ಕೊಯ್ತವೂ ಹೊಸ ಕಲೆ ಬಿಡುತ್ತದೆ, ಕಿರಿದಾದ ಭಾಗ ಇನ್ನಷ್ಟು ಉದ್ದವಾಗುತ್ತದೆ. ಆಗ ಬೇಕಾದದ್ದು ಯುರೆಥ್ರೋಪ್ಲಾಸ್ಟಿ, ಅಂದರೆ ನಾಳವನ್ನು ತೆರೆದು ಕೆನ್ನೆಯ ಒಳಪದರದ ಪಟ್ಟಿಯನ್ನು ಕಸಿ ಮಾಡಿ ಅಗಲಿಸುವ ಆಪರೇಷನ್.

ಅದಕ್ಕೆ ಕೆನ್ನೆಯ ಒಳಪದರವೇ ಏಕೆ? ಸದಾ ಒದ್ದೆಯಲ್ಲಿರುವುದು ಅದಕ್ಕೆ ಅಭ್ಯಾಸ, ಕೂದಲಿಲ್ಲ, ರಕ್ತನಾಳಗಳು ದಟ್ಟ. ಲೈಕೆನ್ ಇದ್ದವರಿಗೆ ಮುಂದೊಗಲಿನ ಚರ್ಮ ಕಸಿ ಮಾಡಿದರೆ ರೋಗ ಅಲ್ಲಿಯೂ ಮರುಕಳಿಸುತ್ತದೆ.

ನೋವು, ರಕ್ತಸ್ರಾವ ತಗ್ಗಿಸುವ ಲಿಗ್ನೋಕೇನ್-ಅಡ್ರಿನಲಿನ್ ಚುಚ್ಚಿ ಪದರವನ್ನು ಎತ್ತಿಕೊಂಡು ಸುಮಾರು 2 ಸೆಂ.ಮೀ. ಅಗಲ, 5-6 ಸೆಂ.ಮೀ. ಉದ್ದದ ಪಟ್ಟಿ ತೆಗೆಯುತ್ತಾರೆ. ಮೇಲಿನ ಎರಡನೇ ದವಡೆಹಲ್ಲಿನ ಎದುರು ಜೊಲ್ಲಿನ ನಾಳ ತೆರೆದುಕೊಳ್ಳುತ್ತದೆ, ಅದಕ್ಕೆ ಕತ್ತರಿ ತಾಗಬಾರದು. ಆಮೇಲಿನದು ತಾಳ್ಮೆಯ ಕೆಲಸ: ಹಿಂಬದಿಯ ಕೊಬ್ಬನ್ನು ಪೂರ್ತಿ ಸವರಿ ಪಟ್ಟಿಯನ್ನು ತೆಳುವಾಗಿಸಬೇಕು. ಕೊಬ್ಬು ಉಳಿದರೆ ಹೊಸ ರಕ್ತನಾಳ ಒಳಹೊಗುವುದಿಲ್ಲ. ಮೊದಲ ಎರಡು ದಿನ ಕಸಿ ಬದುಕುವುದು ತಳದಿಂದ ಹೀರಿಕೊಂಡ ದ್ರವದಿಂದ. ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಸಾಯುತ್ತದೆ. ಹಾಗಾಗಿ ನಡುನಡುವೆ ಹೊಲಿಗೆ ಹಾಕಿ ತಳಕ್ಕೆ ಅಂಟಿಸುತ್ತಾರೆ. ಇಡೀ ನಾಳ ಕೆಟ್ಟಿದ್ದರೂ ವೃಷಣದ ಕೆಳಗಿನ ಒಂದೇ ಕೊಯ್ತದಿಂದ ಸರಿಪಡಿಸುವ ವಿಧಾನವನ್ನು 2009ರಲ್ಲಿ ಪ್ರಕಟಿಸಿದ್ದು ಪುಣೆಯ ಡಾ. ಸಂಜಯ್ ಕುಲಕರ್ಣಿ. ಶಿಶ್ನದ ಹೊರಚರ್ಮಕ್ಕೆ ಬ್ಲೇಡ್ ತಾಗುವುದೇ ಇಲ್ಲ.

ನಮ್ಮ ಕಡೆ ತೊಡಕಾಗುವುದು ಗುಟ್ಕಾ, ಅಡಿಕೆ. ಕೆನ್ನೆ ಬಿಳಿಚಿ, ಗಡುಸಾಗಿ, ಬಾಯಿಗೆ ಮೂರು ಬೆರಳು ತೂರದಿದ್ದರೆ ಆ ಪದರ ಕಸಿಗೆ ಬಾರದು. ತೆಗೆದರೆ ಬಾಯಿ ಇನ್ನೂ ಬಿಗಿಯುತ್ತದೆ. ಆಗ ನಾಲಿಗೆಯ ಅಡಿಭಾಗದ ಪದರವನ್ನು ನೋಡುತ್ತಾರೆ, ಅದೂ ಚೆನ್ನಾಗಿದ್ದರೆ ಮಾತ್ರ. ಡಾಕ್ಟರು ಕೇಳದಿದ್ದರೂ ಜಗಿಯುವ ಚಟವನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ.

ಆಪರೇಷನ್ ಬಳಿಕ ಕ್ಯಾಥೆಟರ್ ಸಾಮಾನ್ಯವಾಗಿ 3 ವಾರ ಇರುತ್ತದೆ. ತೆಗೆಯುವ ಮುಂಚೆ ಅದರ ಬದಿಯಿಂದ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಸೋರಿಕೆ ಕಂಡರೆ ಇನ್ನೊಂದೆರಡು ವಾರ ಹಾಗೇ ಬಿಡುವುದು ವಾಡಿಕೆ.